ಗಾಳಿಯೇ ಬೆಟ್ಟವಾದ ನಾಡು

ಬೆಟ್ಟಗುಡ್ಡಗಳಿಲ್ಲದ ಸೀಮೆಯಲ್ಲಿ ಸೈಕಲ್ ತುಳಿಯುವುದಕ್ಕಿಂತ ಸುಖ ಬೇರೊಂದಿಲ್ಲವೆಂದು ನಮ್ಮಲ್ಲಿ ಅನೇಕರ ಭಾವನೆ. ಏರು ಬಂದೊಡನೆ ಕೆಳಗಿಳಿದು, ಹ್ಯಾಂಡಲ್ ಹಿಡಿದು, ಏದುಸಿರು ಬಿಡುತ್ತ ಸೈಕಲ್ಲನ್ನು ತಳ್ಳಿಕೊಂಡು ಹೋದ ಅನುಭವವುಳ್ಳವರಿಗೆ ಹಾಗೆ ತೋರುವುದು ಸಹಜವೇ. ಅಂತಹವರು ಇಂಗ್ಲೆಂಡಿನ ಪೂರ್ವಭಾಗದಲ್ಲಿರುವ 'ಫೆನ್' ಎಂಬ ಸೀಮೆಯ ಹಾದಿಗಳ ವೃತ್ತಾಂತವನ್ನು ಒಮ್ಮೆ ಕೇಳಬೇಕು. ಅಂಗೈಯಂತೆ ಸಮನಾದ ನೆಲ. ನೂಲು ಹಿಡಿದು ಎಳೆದಂತಹ ರಸ್ತೆ. ಕಣ್ಣು ಹಾಯುವಷ್ಟು ದೂರವೂ ಆಕಾಶ. ಆದರೂ ಅಲ್ಲಿನ ಸವಾರರು ಸಂಜೆ ಮನೆ ಸೇರುವ ವೇಳೆಗೆ ಘಟ್ಟ ಹತ್ತಿ ಬಂದವರಂತೆ ದಣಿದಿರುವುದುಂಟು. ಅಲ್ಲಿ ಬೆಟ್ಟದ ಕೆಲಸವನ್ನು ಗಾಳಿ ವಹಿಸಿಕೊಂಡಿದೆ.

ಕೇಂಬ್ರಿಜ್‌ಷೈರ್, ಲಿಂಕನ್‌ಷೈರ್, ನಾರ್ಫೋಕ್ ಪ್ರಾಂತಗಳಲ್ಲಿ ಹರಡಿಕೊಂಡು, 'ವಾಷ್' ಎಂಬ ಕೊಲ್ಲಿಯ ತನಕ ಚಾಚಿರುವ ತಗ್ಗು ಪ್ರದೇಶವೇ ಈ ಫೆನ್ ನಾಡು. ಇದರ ಬಹುಭಾಗ ಸಮುದ್ರಮಟ್ಟಕ್ಕಿಂತ ಕೆಲವೇ ಅಡಿ ಎತ್ತರದಲ್ಲಿದೆ. ಕೆಲವೆಡೆ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ. ನಾನೂರು ವರ್ಷಗಳ ಹಿಂದೆ ಇದು ಜೊಂಡು ಬೆಳೆದ ಜೌಗು; ಮೀನು, ಹಾವುಮೀನು, ನೀರುಹಕ್ಕಿಗಳ ಬೀಡು. ಇಂದು ಅದೇ ನೆಲದಲ್ಲಿ ಗೋಧಿ, ಆಲೂಗೆಡ್ಡೆ, ಸಕ್ಕರೆಬೀಟ್, ಸೆಲರಿಗಳು ಹುಲುಸಾಗಿ ಬೆಳೆಯುತ್ತವೆ. ನೀರು ನೆಲವಾದ ಈ ಕಥೆಯನ್ನು ಕಣ್ಣಾರೆ ಕಾಣಲು ಸೈಕಲ್ಲಿಗಿಂತ ತಕ್ಕ ವಾಹನ ಮತ್ತೊಂದಿಲ್ಲ. ಮೋಟಾರಿನಲ್ಲಿ ಧಾವಿಸುವವನಿಗೆ ಇದು ಬರಿಯ ಬೇಸರದ ಬಯಲು. ಕಾಲ್ನಡಿಗೆಯವನಿಗೆ ಎಷ್ಟು ನಡೆದರೂ ಸವೆಯದ ದೂರ. ಸೈಕಲ್ಲೇರಿದವನು ಮಾತ್ರ ಕಾಲುವೆಯ ಏರಿಯ ಮೇಲಿನಿಂದ ಎರಡೂ ಬದಿಯನ್ನು ನಿಧಾನವಾಗಿ ನೋಡುತ್ತ, ಹೊಲಕ್ಕಿಂತ ನದಿಯೇ ಎತ್ತರದಲ್ಲಿ ಹರಿಯುವ ವಿಚಿತ್ರವನ್ನು ಕಂಡು ಬೆರಗಾಗುತ್ತಾನೆ.

ಚಕ್ರಕ್ಕೆ ದೊರೆತ ಹಕ್ಕು

ಇಂಗ್ಲೆಂಡಿನ ಹಳ್ಳಿಯ ರಸ್ತೆಗೂ ಸೈಕಲ್ಲಿಗೂ ಇರುವ ನಂಟು ಹಳೆಯದು. ಇಂದು ನಾವು ಬಳಸುವ ಮಾದರಿಯ, ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳ 'ರೋವರ್' ಸೈಕಲ್ಲನ್ನು ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು ಕೊವೆಂಟ್ರಿ ನಗರದಲ್ಲಿ ತಯಾರಿಸಿದ್ದು 1885ರಲ್ಲಿ. ಮೂರು ವರ್ಷಗಳ ತರುವಾಯ, 1888ರಲ್ಲಿ, ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದನು. ಅದೇ ವರ್ಷ ಪಾರ್ಲಿಮೆಂಟು ಸೈಕಲ್ಲೂ ಒಂದು ಗಾಡಿಯೇ ಎಂದು ಶಾಸನದಲ್ಲಿ ಒಪ್ಪಿ, ರಾಜಮಾರ್ಗದಲ್ಲಿ ಅದಕ್ಕೆ ಹಕ್ಕನ್ನು ಕೊಟ್ಟಿತು. ಸವಾರರ ಸಂಘವಂತೂ 1878ರಲ್ಲಿಯೇ ಹುಟ್ಟಿತ್ತು. ಕೆಟ್ಟ ರಸ್ತೆಗಳ ದುರಸ್ತಿಗಾಗಿ ಆ ದೇಶದಲ್ಲಿ ಮೊದಮೊದಲು ಸಂಘಟಿತವಾಗಿ ದನಿಯೆತ್ತಿದವರು ಮೋಟಾರಿನವರಲ್ಲ, ಸೈಕಲ್ಲಿನವರು ಎಂಬುದನ್ನು ಮರೆಯಲಾಗದು.

ನಮ್ಮ ದೇಶದ ಹಿರಿಯರಿಗೂ ಈ ಇತಿಹಾಸ ತೀರ ಅಪರಿಚಿತವಲ್ಲ. ನಾಟಿಂಗ್‌ಹ್ಯಾಮಿನ 'ರ‍್ಯಾಲಿ', ಬರ್ಮಿಂಗ್‌ಹ್ಯಾಮಿನ 'ಹರ್ಕ್ಯುಲಿಸ್' ಎಂಬ ಹೆಸರುಗಳು ಒಂದು ಕಾಲಕ್ಕೆ ನಮ್ಮ ಊರೂರಿನ ಸೈಕಲ್ ಷಾಪುಗಳಲ್ಲಿ ಮನೆಮಾತಾಗಿದ್ದವು. ಮುಂದೆ ಮೋಟಾರುಗಳ ಹಾವಳಿಯಲ್ಲಿ ಸೈಕಲ್ಲು ತನ್ನ ತವರಿನಲ್ಲಿಯೇ ಮೂಲೆ ಸೇರಿತು. 1995ರಲ್ಲಿ ರಾಷ್ಟ್ರೀಯ ಲಾಟರಿಯ ಹಣದ ನೆರವಿನಿಂದ ದೇಶದಾದ್ಯಂತ ಸೈಕಲ್ ಮಾರ್ಗಗಳ ಜಾಲವೊಂದನ್ನು ಹೆಣೆಯುವ ಯೋಜನೆ ಕೈಗೂಡಿತು. ಹಳ್ಳಿಯ ಕಿರುರಸ್ತೆ, ನದಿಯ ದಂಡೆ, ರೈಲು ನಿಂತುಹೋದ ಹಳಿಯ ಜಾಡು, ಹೀಗೆ ಇದ್ದುದನ್ನೇ ಜೋಡಿಸಿ, ಪ್ರತಿ ಮಾರ್ಗಕ್ಕೂ ಸಂಖ್ಯೆ ಕೊಟ್ಟು, ತಿರುವುಗಳಲ್ಲಿ ಗುರುತಿನ ಫಲಕ ನೆಟ್ಟರು. ಫೆನ್ ಸೀಮೆಯನ್ನು ಹಾದುಹೋಗುವ 11ನೆಯ ಸಂಖ್ಯೆಯ ಮಾರ್ಗವನ್ನೇ ಹಿಡಿದು ನಾವೂ ಮನಸ್ಸಿನಲ್ಲಿ ಒಮ್ಮೆ ಹೊರಟು ನೋಡೋಣ.

ಕೇಂಬ್ರಿಜ್‌ನಿಂದ ಮುಂದೆ

ಕೇಂಬ್ರಿಜ್ ವಿದ್ಯಾಪೀಠದ ಊರು. ಸೈಕಲ್ಲಿನ ಊರೂ ಹೌದು. ಅಲ್ಲಿಂದ ಈಲಿ ಎಂಬ ಪಟ್ಟಣಕ್ಕೆ ನೇರ ಹೆದ್ದಾರಿಯಲ್ಲಿ ಸುಮಾರು 16 ಮೈಲಿ. ಆದರೆ ಲಾರಿಗಳು ಭೋರಿಡುವ ಆ ದಾರಿ ನಮಗೆ ಬೇಡ. ನಗರದ ಪೂರ್ವಕ್ಕೆ ಬಾಟಿಷಂ ಎಂಬ ಹಳ್ಳಿಯ ಬಳಿಯಿಂದ 'ಲೋಡ್ಸ್ ವೇ' ಎಂಬ ಹಾದಿ ಉತ್ತರಕ್ಕೆ ಹೊರಳುತ್ತದೆ. 'ಲೋಡ್' ಎಂದರೆ ಹಿಂದಿನವರು ತೋಡಿದ ದೋಣಿಗಾಲುವೆ. ರೋಮನ್ನರ ಕಾಲದಲ್ಲಿಯೇ ಇವು ಮೊದಲಾದುವೆಂದು ಪ್ರತೀತಿ. ರಸ್ತೆಗಳು ಕೆಸರಿನಲ್ಲಿ ಹೂತುಹೋಗುತ್ತಿದ್ದ ದಿನಗಳಲ್ಲಿ ದವಸಧಾನ್ಯ, ಕಲ್ಲು, ಸೌದೆಗಳೆಲ್ಲ ಈ ಕಾಲುವೆಗಳಲ್ಲಿಯೇ ಸಾಗಿ ಬರುತ್ತಿದ್ದವು. ಒಂದೊಂದು ಕಾಲುವೆಯ ಕೊನೆಗೂ ಒಂದೊಂದು ಹಳ್ಳಿ. ಆದುದರಿಂದ ಸೈಕಲ್ಲಿನವನು ಕಾಲುವೆಯನ್ನು ದಾಟಿದಾಗಲೆಲ್ಲ ಒಂದು ಹಳೆಯ ರಾಜಬೀದಿಯನ್ನೇ ದಾಟಿದಂತೆ.

ಹಾದಿಯಿಂದ ತುಸು ಬಲಕ್ಕೆ ಸರಿದರೆ ಸ್ವಾಫಂ ಪ್ರಯರ್ ಎಂಬ ಹಳ್ಳಿ. ಒಂದೇ ಅಂಗಳದಲ್ಲಿ ಎರಡು ಇಗರ್ಜಿಗಳು ಅಕ್ಕಪಕ್ಕ ನಿಂತಿರುವುದು ಈ ಊರಿನ ವಿಶೇಷ. ಅದರಾಚೆ ರೀಚ್. ಇಂದು ನೋಡಿದರೆ ಹಸುರು ಬಯಲೊಂದರ ಸುತ್ತ ಕೆಲವು ಮನೆಗಳ ಪುಟ್ಟ ಊರು. ಆದರೆ 1201ರಲ್ಲಿ ಜಾನ್ ದೊರೆಯ ಸನ್ನದಿನಿಂದ ಸ್ಥಿರಪಟ್ಟ ಜಾತ್ರೆಯೊಂದು ಇಲ್ಲಿ ಎಂಟುನೂರು ವರ್ಷಗಳಿಂದ ನಡೆದುಬಂದಿದೆ. ಊರಿನ ಅಂಚಿನಿಂದಲೇ 'ಸೈತಾನನ ಒಡ್ಡು' ಎಂಬ ಹೆಸರಿನ ಮಣ್ಣಿನ ಮಹಾಗೋಡೆ ಏಳೂವರೆ ಮೈಲಿ ನೇರವಾಗಿ ಓಡುತ್ತದೆ. ಅದರ ಒಂದು ತುದಿಗೆ ಜೌಗು, ಇನ್ನೊಂದು ತುದಿಗೆ ಕಾಡು. ನಡುವಣ ಒಣನೆಲದಲ್ಲಿ ಬರುವ ಶತ್ರುವನ್ನು ತಡೆಯಲು ಹದಿಮೂರು-ಹದಿನಾಲ್ಕು ಶತಮಾನಗಳ ಹಿಂದೆ ಹಾಕಿದ ಒಡ್ಡು ಇದೆಂದು ವಿದ್ವಾಂಸರ ಅಭಿಪ್ರಾಯ. ಜೌಗು ಅಂದಿನವರಿಗೆ ಶತ್ರುವಲ್ಲ, ಕಾವಲುಗಾರನಾಗಿತ್ತೆಂಬುದಕ್ಕೆ ಇದೇ ಸಾಕ್ಷಿ.

ನೆಲಕ್ಕೆ ನೀರೆತ್ತುವ ಗಾಳಿಯಂತ್ರ

ಮುಂದೆ ಸಿಗುವುದು ವಿಕೆನ್. ಇಲ್ಲಿ ಜೌಗಿನ ಒಂದು ತುಣುಕು ಮಾತ್ರ ಬತ್ತಿಸದೆ ಉಳಿದಿದೆ. 1899ರಲ್ಲಿ ಅಲ್ಲಿನ 'ನ್ಯಾಷನಲ್ ಟ್ರಸ್ಟ್' ಸಂಸ್ಥೆಯವರು 10 ಪೌಂಡು ಕೊಟ್ಟು 2 ಎಕರೆ ಜೌಗನ್ನು ಕೊಂಡರು. ಬೆಳೆಯಲಾಗದ, ಕಟ್ಟಲಾಗದ ಕೆಸರಿಗೆ ಹಣ ಸುರಿದವರನ್ನು ಕಂಡು ಅಂದು ನಕ್ಕವರೂ ಇದ್ದಿರಬೇಕು. ಇಂದು ಅದು ಬೆಳೆದು ವಿಸ್ತಾರವಾದ ರಕ್ಷಿತ ತಾಣವಾಗಿದೆ. ಅಲ್ಲಿ ಗುರುತಿಸಿದ ಜೀವಜಾತಿಗಳ ಸಂಖ್ಯೆಯೇ 9,000ವನ್ನು ಮೀರಿದೆ.

ಈ ತಾಣದಲ್ಲಿ ಮರದ ಗಾಳಿಯಂತ್ರವೊಂದಿದೆ. ಫೆನ್ ನಾಡಿನಲ್ಲಿ ಹಿಂದೆ ನೂರಾರು ಗಾಳಿಯಂತ್ರಗಳು ಹೊಲದ ನೀರನ್ನು ಎತ್ತಿ ಹೊರಗೆ ಚೆಲ್ಲುತ್ತಿದ್ದವು. ಅವುಗಳಲ್ಲಿ ಉಳಿದ ಈ ಒಂದನ್ನು 1956ರಲ್ಲಿ ಇಲ್ಲಿಗೆ ತಂದು ನಿಲ್ಲಿಸಿದರು. ಆದರೆ ಅದರ ಕೆಲಸ ಮಾತ್ರ ತಿರುವುಮುರುವಾಯಿತು. ಇಲ್ಲಿ ಅದು ನೀರನ್ನು ಹೊರಹಾಕುವುದಿಲ್ಲ, ಒಳಕ್ಕೆ ಎತ್ತಿಕೊಡುತ್ತದೆ! ಏಕೆಂದರೆ ಬತ್ತಿಸಿದ ಸುತ್ತಣ ಹೊಲಗಳೆಲ್ಲ ಕುಸಿದು ತಗ್ಗಿಗಿಳಿದಿವೆ. ಬತ್ತಿಸದ ಜೌಗು ತನ್ನ ಮೊದಲಿನ ಎತ್ತರದಲ್ಲಿಯೇ ನಿಂತಿದೆ. ಕೆಸರೆಂದು ಜರೆದುದು ಮೇಲೆ, ಹೊಲವೆಂದು ಹಿಗ್ಗಿದುದು ಕೆಳಗೆ. ಸೈಕಲ್ಲನ್ನು ಬೇಲಿಗೊರಗಿಸಿ ಒಂದು ಗಳಿಗೆ ನೋಡಿದವರಿಗೆ ಈ ನಾಡಿನ ಒಗಟಿನ ಮೊದಲ ಎಳೆ ಕೈಗೆ ಸಿಕ್ಕುತ್ತದೆ.

ಗಡ್ಡೆಗಳ ಮೇಲಣ ಹಳ್ಳಿಗಳು

ವಿಕೆನ್ ಬಿಟ್ಟು ಉತ್ತರಕ್ಕೆ ತುಳಿಯುತ್ತಿದ್ದಂತೆ ದಿಗಂತದಲ್ಲಿ ಹಡಗಿನ ಆಕೃತಿಯೊಂದು ತೇಲಿಬರುತ್ತದೆ. ಅದೇ ಈಲಿಯ ಮಹಾ ಇಗರ್ಜಿ. 'ಫೆನ್ ನಾಡಿನ ಹಡಗು' ಎಂದೇ ಅದಕ್ಕೆ ಹೆಸರು. ಮೈಲಿಗಟ್ಟಲೆ ದೂರದಿಂದಲೇ ಕಾಣುವ ಈ ಗೋಪುರ ಸೈಕಲ್ ಸವಾರನಿಗೆ ಏಕಕಾಲಕ್ಕೆ ಆಶೆಯೂ ಹೌದು, ಅಣಕವೂ ಹೌದು. ಎಷ್ಟು ತುಳಿದರೂ ಅದು ಅಷ್ಟೇ ದೂರದಲ್ಲಿ ಉಳಿದಂತೆ ತೋರುತ್ತದೆ. 1322ರಲ್ಲಿ ಇದರ ನಡುಗೋಪುರ ಕುಸಿದುಬಿತ್ತು. ಮತ್ತೆ ಅದನ್ನೇ ಕಟ್ಟುವ ಬದಲು, ಎಂಟು ಮೂಲೆಯ ವಿಶಾಲವಾದ ತೆರಪು ಬಿಡಿಸಿ, ಭಾರಿ ಓಕ್ ಮರದ ಕಂಬಗಳ ಮೇಲೆ ಬೆಳಕಿನ ಗೂಡೊಂದನ್ನು ನಿಲ್ಲಿಸಿದರು. ಅದು ಇಂದಿಗೂ ಮಧ್ಯಯುಗದ ವಾಸ್ತುಶಿಲ್ಪದ ಅದ್ಭುತಗಳಲ್ಲಿ ಒಂದು.

ಈಲಿಯ ದಿಣ್ಣೆಯ ಎತ್ತರ ಸಮುದ್ರಮಟ್ಟದಿಂದ ಸುಮಾರು 85 ಅಡಿ ಮಾತ್ರ. ನಮ್ಮವರು ಅದನ್ನು ಗುಡ್ಡವೆಂದು ಕರೆಯಲೂ ಒಪ್ಪಲಾರರು. ಆದರೆ ಜೌಗು ಬತ್ತುವ ಮೊದಲು ಇದು ನಿಜವಾದ ದ್ವೀಪ. 1070ರ ಸುಮಾರಿನಲ್ಲಿ ಹೆರೆವರ್ಡ್ ಎಂಬ ವೀರನು ನಾರ್ಮನ್ ದೊರೆ ವಿಲಿಯಮನನ್ನು ಎದುರಿಸಿ ನಿಂತದ್ದು ಈ ದ್ವೀಪದ ಆಸರೆಯಿಂದಲೇ. ಸುತ್ತಣ ಹಳ್ಳಿಗಳ ಹೆಸರುಗಳನ್ನೂ ಗಮನಿಸಬೇಕು: ಸ್ಟಂಟ್ನಿ, ಥಾರ್ನಿ, ರ‍್ಯಾಮ್ಸಿ. ಇವುಗಳ ಕೊನೆಯ ದನಿಯಲ್ಲಿ ಅಡಗಿರುವುದು ದ್ವೀಪ ಎಂಬರ್ಥದ ಹಳೆಯ ಇಂಗ್ಲಿಷ್ ಶಬ್ದ. ನಮ್ಮ ಕೃಷ್ಣಾ ತೀರದವರು ಹೊಳೆಯ ನಡುವಣ ಊರನ್ನು 'ಗಡ್ಡೆ' ಎನ್ನುವಂತೆಯೇ ಅಲ್ಲಿನವರೂ ಹೆಸರಿಟ್ಟರು. ನೀರು ಹೋಗಿ ಶತಮಾನಗಳಾದರೂ ಹೆಸರು ಉಳಿದಿದೆ. ಕಣ್ಣಿಗೆ ಕಾಣದ ಈ ದ್ವೀಪಗಳನ್ನು ಸೈಕಲ್ಲಿನವನು ಕಾಲಿನಿಂದ ಗುರುತಿಸುತ್ತಾನೆ. ಪೆಡಲು ಇದ್ದಕ್ಕಿದ್ದಂತೆ ತುಸು ಬಿಗಿಯಾಯಿತೆಂದರೆ, ಮನೆಗಳೂ ಮರಗಳೂ ಇಗರ್ಜಿಯ ಶಿಖರವೂ ಎದುರಾದುವೆಂದರೆ, ಹಳೆಯ ಗಡ್ಡೆಯೊಂದಕ್ಕೆ ಬಂದೆವೆಂದು ತಿಳಿಯಬಹುದು.

ಎರಡು ನೇರ ನದಿಗಳು

ಈಲಿಯ ಉತ್ತರಕ್ಕೆ ಹೊರಟರೆ ವೆಲ್ನಿ ಎಂಬ ಹಳ್ಳಿಯ ದಾರಿ. ಇಲ್ಲಿ ಎರಡು ನದಿಗಳು ಅರ್ಧ ಮೈಲಿಯ ಅಂತರದಲ್ಲಿ ಜೋಡಿಗೆರೆ ಎಳೆದಂತೆ ಹರಿಯುತ್ತವೆ. ಇವು ನಿಸರ್ಗದ ನದಿಗಳಲ್ಲ, ಮನುಷ್ಯ ತೋಡಿದವು. 1630ರಲ್ಲಿ ಬೆಡ್‌ಫರ್ಡಿನ ಪ್ರಭು ಮತ್ತು ಅವನೊಡನೆ ಹಣ ಹೂಡಿದ ಹದಿಮೂರು ಮಂದಿ ಸೇರಿ ಜೌಗು ಬತ್ತಿಸುವ ಕರಾರಿಗೆ ಒಪ್ಪಿದರು. ಡಚ್ ಎಂಜಿನಿಯರ್ ಕಾರ್ನೀಲಿಯಸ್ ವೆರ್ಮ್ಯುಡೆನ್ ಈ ಕೆಲಸದ ಸೂತ್ರಧಾರನಾದನು. ಅಂಕುಡೊಂಕಾದ ಔಸ್ ನದಿಯ ನೀರನ್ನು ಎರಿತ್‌ನಿಂದ ಡೆನ್ವರಿನವರೆಗೆ 21 ಮೈಲಿ ನೇರವಾಗಿ ಸಾಗಿಸುವ ಮೊದಲ ಕಾಲುವೆ 1630ರ ದಶಕದಲ್ಲಿಯೂ, ಎರಡನೆಯದು 1651ರಲ್ಲಿಯೂ ಮುಗಿದವು. ನಡುವಣ ಪಟ್ಟಿಯನ್ನು ಪ್ರವಾಹ ಬಂದಾಗ ನೀರು ತುಂಬಿಕೊಳ್ಳಲೆಂದೇ ತೆರವಾಗಿ ಬಿಟ್ಟರು.

ಈ ಕಾಲುವೆಗಳ ಹಿಂದೆ ಕಣ್ಣೀರೂ ಇದೆ. ಎರಡನೆಯದನ್ನು ತೋಡಿದವರಲ್ಲಿ 1650ರ ಡನ್‌ಬಾರ್ ಯುದ್ಧದಲ್ಲಿ ಸೆರೆಸಿಕ್ಕ ಸ್ಕಾಟ್ಲೆಂಡಿನ ಸೈನಿಕರು ಇದ್ದರು. ಇನ್ನು, ಜೌಗನ್ನೇ ನಂಬಿ ಮೀನು ಹಿಡಿದು, ಹಕ್ಕಿ ಬೇಟೆಯಾಡಿ, ಜೊಂಡು ಕೊಯ್ದು ಬದುಕುತ್ತಿದ್ದ ಬಡವರಿಗೆ ಈ ಹೊಸ ಹೊಲಗಳಲ್ಲಿ ಪಾಲಿರಲಿಲ್ಲ. ಸಿಟ್ಟಿಗೆದ್ದ ಅವರು ರಾತ್ರಿಯ ವೇಳೆ ಒಡ್ಡುಗಳನ್ನು ಒಡೆದರು, ಕಾಲುವೆಗಳನ್ನು ಮುಚ್ಚಿದರು. 'ಫೆನ್ ಹುಲಿಗಳು' ಎಂಬ ಹೆಸರು ಅವರಿಗೆ ಅಂಟಿತು. ಹುಲಿಗಳು ಸೋತವು, ಬಂಡವಾಳ ಗೆದ್ದಿತು. ನೇರವಾದ ರಸ್ತೆಯಲ್ಲಿ ಹಾಯಾಗಿ ಸಾಗುವ ಸವಾರನು, ಈ ನೇರವು ಯಾರ ಬೆವರಿನಿಂದ, ಯಾರ ನಷ್ಟದಿಂದ ಬಂದಿತೆಂಬುದನ್ನು ನೆನೆಯುವುದು ಧರ್ಮ.

ನೆಲ ಇಲ್ಲಿ ಎಷ್ಟು ಸಮವೆಂದರೆ, ಭೂಮಿಯೇ ಚಪ್ಪಟೆಯೆಂದು ವಾದಿಸುವವರಿಗೆ ಈ ಕಾಲುವೆ ಪ್ರಮಾಣವಾಗಿ ಒದಗಿತು! 1870ರಲ್ಲಿ ಜಾನ್ ಹ್ಯಾಂಪ್ಡನ್ ಎಂಬಾತನು ಭೂಮಿ ಗುಂಡಗಿದೆಯೆಂದು ತೋರಿಸಿಕೊಟ್ಟವರಿಗೆ 500 ಪೌಂಡು ಪಣವೊಡ್ಡಿದನು. ಜೀವವಿಕಾಸ ತತ್ತ್ವದಲ್ಲಿ ಡಾರ್ವಿನ್ನನ ಸಹಶೋಧಕನೆಂದು ಕೀರ್ತಿವೆತ್ತ ಆಲ್‌ಫ್ರೆಡ್ ರಸೆಲ್ ವಾಲೇಸ್ ಅದನ್ನು ಒಪ್ಪಿ, ಹಳೆಯ ಬೆಡ್‌ಫರ್ಡ್ ಕಾಲುವೆಯ ಆರು ಮೈಲಿ ಉದ್ದದಲ್ಲಿ ಒಂದೇ ಎತ್ತರದ ಗುರುತುಗಳನ್ನು ಇರಿಸಿ ದೂರದರ್ಶಕದಿಂದ ನೋಡಿದನು. ನಡುವಣ ಗುರುತು ಮೇಲೆದ್ದು ಕಂಡಿತು. ನೀರಿನ ಮೈಯೂ ಬಾಗಿದೆಯೆಂದು ಸಿದ್ಧವಾಯಿತು. ತೀರ್ಪು ವಾಲೇಸನ ಪರವಾಯಿತಾದರೂ, ಸೋತವನು ಒಪ್ಪದೆ ವರ್ಷಗಟ್ಟಲೆ ಅವನನ್ನು ಕಾಡಿದನು. ಪಣ ಗೆದ್ದವನಿಗೆ ನೆಮ್ಮದಿ ಇಲ್ಲವಾಯಿತು!

ಚಳಿಗಾಲದಲ್ಲಿ ಈ ನಡುವಣ ಪಟ್ಟಿ ಸರೋವರವಾಗುತ್ತದೆ. ಐಸ್‌ಲೆಂಡಿನಿಂದಲೂ ರಷ್ಯದ ಉತ್ತರಧ್ರುವ ಪ್ರದೇಶದಿಂದಲೂ ಬಿಳಿಯ ಹಂಸಗಳು ಸಾವಿರಗಟ್ಟಲೆ ಹಾರಿಬಂದು ವೆಲ್ನಿಯ ಬಳಿ ಬೀಡುಬಿಡುತ್ತವೆ. ಅದೇ ನೀರು ರಸ್ತೆಯ ಮೇಲೂ ಏರಿ ದಾರಿಯನ್ನು ಮುಚ್ಚಿಬಿಡುವುದುಂಟು. ಆಗ ಎದುರು ದಡದ ಹಳ್ಳಿ ಕಣ್ಣಿಗೆ ಕಾಣುತ್ತಿದ್ದರೂ ಸವಾರನು ಮೈಲಿಗಟ್ಟಲೆ ಸುತ್ತಿಬರಬೇಕಾಗುತ್ತದೆ. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದೇ ಜಾಣತನ.

ಗಾಳಿಯ ಲೆಕ್ಕ

ಇನ್ನು ಗಾಳಿಯ ಮಾತು. ಸಮನೆಲದಲ್ಲಿ ತುಸು ವೇಗವಾಗಿ ಸಾಗುವ ಸವಾರನ ಶಕ್ತಿಯ ದೊಡ್ಡ ಪಾಲು ವೆಚ್ಚವಾಗುವುದು ಗಾಳಿಯನ್ನು ಸೀಳುವುದಕ್ಕೇ. ಎದುರಾಗುವ ಗಾಳಿಯ ವೇಗ ಇಮ್ಮಡಿಯಾದರೆ ಅದರ ತಡೆ ನಾಲ್ಮಡಿಯಾಗುತ್ತದೆ. ಬೆಟ್ಟದ ನಾಡಿನಲ್ಲಿ ಏರಿದವನಿಗೆ ಇಳಿಜಾರಿನ ಸಮಾಧಾನ ಕಾದಿರುತ್ತದೆ. ಇಲ್ಲಿನ ಎದುರುಗಾಳಿಗೆ ಇಳಿಜಾರೆಂಬುದಿಲ್ಲ. ಮರೆಯಾಗಲು ಮರವಿಲ್ಲ, ಬೇಲಿಯಿಲ್ಲ, ತಿರುವಿಲ್ಲ. ಹೀಗಾಗಿ ಅನುಭವಿಗಳು ಕೆಲವು ಸೂತ್ರಗಳನ್ನು ಪಾಲಿಸುತ್ತಾರೆ. ಆ ದೇಶದಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ, ಮೈಯಲ್ಲಿ ಕಸುವಿರುವ ಬೆಳಗಿನ ಹೊತ್ತು ಅದಕ್ಕೆ ಎದುರಾಗಿ ಹೋಗಿ, ದಣಿದ ಸಂಜೆ ಅದನ್ನು ಬೆನ್ನಿಗೆ ಹಾಕಿಕೊಂಡು ಮರಳುವಂತೆ ದಾರಿಯನ್ನು ಗೊತ್ತುಮಾಡಿಕೊಳ್ಳುವುದು ಮೊದಲನೆಯದು. ನಾಲ್ಕಾರು ಮಂದಿ ಒಟ್ಟಾಗಿ ಹೋಗುವಾಗ ಒಬ್ಬೊಬ್ಬರು ಸರದಿಯ ಮೇಲೆ ಮುಂದೆ ನಿಂತು, ಉಳಿದವರು ಅವರ ಬೆನ್ನಿನ ಮರೆಯಲ್ಲಿ ಸಾಗುವುದು ಎರಡನೆಯದು. ಮುಂದಿರುವವನ ಕಷ್ಟ ಹಿಂದಿನವನಿಗೆ ಅರ್ಥವಾಗುವುದು ತನ್ನ ಸರದಿ ಬಂದಾಗಲೇ!

ರಸ್ತೆಯ ಮೇಲೂ ಒಂದು ಕಣ್ಣಿರಬೇಕು. ಹೊಲದ ಅಂಚನ್ನು ಅನುಸರಿಸುವ ಈ ಕಿರುದಾರಿಗಳು ಮೈಲಿಗಟ್ಟಲೆ ನೇರವಾಗಿ ಓಡಿ, ಹಠಾತ್ತಾಗಿ ಮೂಲೆಮಟ್ಟದಂತೆ ತಿರುಗುತ್ತವೆ. ತಿರುವಿನಾಚೆ ಆಳವಾದ ಕಾಲುವೆ. ಕೆಳಗಿನ ಮಣ್ಣು ಒಂದೊಂದೆಡೆ ಒಂದೊಂದು ಪ್ರಮಾಣದಲ್ಲಿ ಕುಗ್ಗುವುದರಿಂದ ಟಾರು ರಸ್ತೆ ಅಲೆಯಲೆಯಾಗಿ ಏಳುಬೀಳುತ್ತದೆ, ಬಿರಿಯುತ್ತದೆ. ವಸಂತದಲ್ಲಿ ಒಣಗಿದ ಕರಿಮಣ್ಣು ಬಿರುಗಾಳಿಗೆ ಸಿಕ್ಕಿ ಹೊಗೆಯಂತೆ ಮೇಲೆದ್ದು ಹಗಲನ್ನೇ ಕತ್ತಲು ಮಾಡುವುದೂ ಉಂಟು. ಸವಾರನ ಕಣ್ಣಿಗೆ ಬೀಳುವ ಆ ಧೂಳು, ರೈತನ ಪಾಲಿಗೆ ಹಾರಿಹೋಗುತ್ತಿರುವ ಆಸ್ತಿ.

ಹೋಮ್ ಫೆನ್ನಿನ ಕಂಬ

ಈ ಆಸ್ತಿ ಎಷ್ಟು ಕರಗಿದೆಯೆಂದು ತಿಳಿಯಬೇಕಾದರೆ, ಈಲಿಯ ದಾರಿಯನ್ನು ಬಿಟ್ಟು ಇನ್ನೊಂದು ದಿನ ಪಶ್ಚಿಮದ ಕಡೆಗೆ, ಪೀಟರ್‌ಬರೋ ನಗರದ ದಕ್ಷಿಣಕ್ಕಿರುವ ಹೋಮ್ ಫೆನ್ನಿಗೆ ಹೋಗಬೇಕು. ಅಲ್ಲಿ ವಿಟಲ್ಸಿ ಎಂಬ ದೊಡ್ಡ ಸರೋವರವಿತ್ತು. 1851ರಲ್ಲಿ, ಆ ವರ್ಷದ ಲಂಡನ್ ಮಹಾಪ್ರದರ್ಶನದಲ್ಲಿ ಹೆಸರು ಮಾಡಿದ ಹೊಸ ಬಗೆಯ ಪಂಪಿನಿಂದ ಅದನ್ನು ಬತ್ತಿಸಿದರು. ನೆಲ ಕುಸಿಯುವುದೆಂಬ ಅರಿವು ಆಗಲೇ ಇದ್ದುದರಿಂದ, ಅಳತೆಗಾಗಿ ಕಬ್ಬಿಣದ ಕಂಬವೊಂದನ್ನು ಅಡಿಯ ಗಟ್ಟಿಮಣ್ಣಿನವರೆಗೆ ಇಳಿಸಿ, ಅದರ ತಲೆ ಸರಿಯಾಗಿ ನೆಲಮಟ್ಟಕ್ಕೆ ಬರುವಂತೆ ಹೂಳಿದರು. ಇಂದು ಆ ಕಂಬ ನೆಲದಿಂದ ಸುಮಾರು 13 ಅಡಿ ಮೇಲೆದ್ದು ನಿಂತಿದೆ. ಕಂಬ ಬೆಳೆದಿಲ್ಲ, ನೆಲ ಇಳಿದಿದೆ. ಸಮುದ್ರಮಟ್ಟಕ್ಕಿಂತ 9 ಅಡಿ ತಗ್ಗಿನಲ್ಲಿರುವ ಈ ಪ್ರದೇಶ ಇಂದು ಬ್ರಿಟನ್ನಿನ ಅತ್ಯಂತ ತಗ್ಗಾದ ನೆಲ.

ಕಾರಣ ಸರಳವಾಗಿದೆ. ಸಾವಿರಾರು ವರ್ಷ ನೀರಿನಡಿ ಕೊಳೆಯದೆ ಶೇಖರವಾದ ಜೊಂಡು, ಪಾಚಿ, ಬೇರುಗಳೇ ಪೀಟ್ ಎಂಬ ಈ ಕರಿಮಣ್ಣು. ನೀರು ತೆಗೆದೊಡನೆ ಅದು ಹಿಂಡಿದ ಹತ್ತಿಯಂತೆ ಕುಗ್ಗುತ್ತದೆ; ಗಾಳಿ ಸೋಕಿದೊಡನೆ ನಿಧಾನವಾಗಿ ಉರಿದಂತೆ ಇಂಗಾಲಾಮ್ಲವಾಗಿ ಆಕಾಶ ಸೇರುತ್ತದೆ. ನೆಲ ಇಳಿದಷ್ಟೂ ನೀರನ್ನು ಹೆಚ್ಚು ಎತ್ತರಕ್ಕೆ ಎತ್ತಬೇಕು. ಗಾಳಿಯಂತ್ರ ಸಾಲದೆ ಆವಿಯಂತ್ರ ಬಂದಿತು; 1831ರಲ್ಲಿ ಕಟ್ಟಿದ ಸ್ಟ್ರೆಟಂನ ಆವಿಯಂತ್ರದ ಮನೆಯನ್ನು ಈಲಿಯ ದಕ್ಷಿಣದಲ್ಲಿ ಇಂದಿಗೂ ಕಾಣಬಹುದು. ಆವಿಯ ತರುವಾಯ ಡೀಸೆಲ್, ಅನಂತರ ವಿದ್ಯುತ್ತು. ಪಂಪು ನಿಂತರೆ ನೀರು ಮರಳುತ್ತದೆ. 1947ರ ಮಾರ್ಚಿನಲ್ಲಿ ಹಿಮ ಕರಗಿ ಒಡ್ಡುಗಳು ಬಿರಿದಾಗಲೂ, 1953ರ ಜನವರಿ 31ರ ರಾತ್ರಿ ಸಮುದ್ರವೇ ಉಕ್ಕಿ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 307 ಮಂದಿಯನ್ನು ಬಲಿತೆಗೆದುಕೊಂಡಾಗಲೂ, ನೀರು ತನ್ನ ಹಳೆಯ ಹಕ್ಕನ್ನು ನೆನಪಿಸಿತು.

ಹಾಗೆಂದು ನೀರಿಗೆ ನೆಲವನ್ನು ಮರಳಿ ಒಪ್ಪಿಸುವುದು ಸುಲಭವೇ? ದೇಶದ ಅತ್ಯುತ್ತಮ ದರ್ಜೆಯ ಬೇಸಾಯದ ಭೂಮಿಯ ಸುಮಾರು ಅರ್ಧಭಾಗ ಇಲ್ಲಿಯೇ ಇದೆ. ಎಷ್ಟೋ ಸಂಸಾರಗಳ ಅನ್ನ ಅದರಲ್ಲಿದೆ. ಆದುದರಿಂದ ಇಂದು ಅಲ್ಲಿ ಎರಡು ಯತ್ನಗಳೂ ಜೊತೆಜೊತೆಗೆ ನಡೆದಿವೆ. ಒಂದೆಡೆ ಪಂಪುಗಳು ಹಗಲಿರುಳು ಹೊಲವನ್ನು ಕಾಯುತ್ತಿವೆ. ಇನ್ನೊಂದೆಡೆ, 2001ರಲ್ಲಿ ಮೊದಲಾದ 'ಮಹಾ ಫೆನ್' ಯೋಜನೆಯಡಿ ಹೋಮ್ ಫೆನ್ನಿನ ಸುತ್ತಣ ಹೊಲಗಳನ್ನು ಕೊಂಡು, ಮತ್ತೆ ಜೌಗಾಗಿಸಿ, ಉಳಿದ ಕರಿಮಣ್ಣನ್ನಾದರೂ ನೀರಿನಡಿ ಕಾಪಾಡುವ ಕೆಲಸ ಸಾಗಿದೆ. ಯಾವ ಹೊಲ ಉಳಿಯಬೇಕು, ಯಾವುದು ಮುಳುಗಬೇಕು ಎಂಬುದನ್ನು ಮುಂದಿನ ತಲೆಮಾರು ನಿರ್ಧರಿಸಲೇಬೇಕಾಗಿದೆ.

ಪ್ರವಾಸ ಮಾಡುವವರು ಸಾಮಾನ್ಯವಾಗಿ ಎತ್ತರವಾದುದನ್ನು ಅರಸಿ ಹೋಗುತ್ತಾರೆ: ಶಿಖರ, ಜಲಪಾತ, ಗೋಪುರ. ಫೆನ್ ನಾಡಿನ ಹಾದಿಗಳು ತಗ್ಗಾದುದನ್ನು ನೋಡಲು ಕಲಿಸುತ್ತವೆ. ಅಲ್ಲಿನ ಸಮನೆಲ ನಿಸರ್ಗ ಕೊಟ್ಟ ದಾನವಲ್ಲ, ನೀರಿನಿಂದ ತಂದ ಸಾಲ. ಅಸಲು ಕರಗುತ್ತಿದೆ, ಬಡ್ಡಿಯನ್ನು ಪಂಪುಗಳು ದಿನವೂ ತೆರುತ್ತಿವೆ. ಮೋಟಾರಿನ ಗಾಜಿನಿಂದ ಇದು ಕಾಣದು. ಎದುರುಗಾಳಿಗೆ ತಲೆಬಾಗಿಸಿ, ಗಂಟೆಗೆ ಎಂಟೋ ಹತ್ತೋ ಮೈಲಿಯಂತೆ ಸಾಗುವವನಿಗೆ ಮಾತ್ರ ಬಲಗಡೆಯ ಹೊಲವೂ ಎಡಗಡೆಯ ನದಿಯೂ ಒಂದೇ ನೋಟಕ್ಕೆ ಸಿಕ್ಕುತ್ತವೆ; ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.